ಹಿತ್ತಾಳೆ ಕಿವಿ

ಕರಡಿನಲ್ಲಿ ತಪ್ಪು ಬಿದ್ದರೆ ಕೆಂಪು ಪೆನ್ನಿನಿಂದ ಹೊಡೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬಹುದು. ಬಾಯಿಂದ ಬಿದ್ದ ಮಾತಿಗೆ ಆ ಸೌಕರ್ಯವಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಅವರ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಇದ್ದಿದ್ದರೆ ಗಾದೆ ಇನ್ನೂ ಸ್ವಲ್ಪ ಉದ್ದವಾಗುತ್ತಿತ್ತು.

ಕರಡಪ್ಪನವರ ಬಾಯಿಂದ ಅಂದು ಬೆಳಿಗ್ಗೆ ಬಿದ್ದದ್ದು ಎರಡೇ ಪದ.

ಕರಡಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಲೇಬಲ್ ಅಚ್ಚು ಹಾಕುವ ಆ ಪ್ರೆಸ್ಸಿನಲ್ಲಿ ಕೂದಲು ಕಪ್ಪಗಿದ್ದಾಗಿನಿಂದ ಕರಡು ತಿದ್ದುತ್ತ ಬಂದದ್ದರಿಂದ ಅಂಟಿಕೊಂಡ ಹೆಸರು. ಔಷಧಿಯ ಸೀಸೆ, ಜಾಮಿನ ಬಾಟಲಿ, ಸೊಳ್ಳೆ ಓಡಿಸುವ ಎಣ್ಣೆ, ಯಾವುದರ ಮೇಲೆ ಅಂಟುವ ಚೀಟಿಯಾದರೂ ಅವರ ಕಣ್ಣಿನ ಕೆಳಗೆ ಹಾದು ಹೋಗಬೇಕು. ಅದು ಒಬ್ಬರ ಕೆಲಸವಲ್ಲ. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಹೊಂದಿಸಿ ನೋಡಬೇಕು. ಬೆರಳು ಕರಡಪ್ಪನವರದು. ಓದುವ ದನಿ ಅವರ ಹೆಂಡತಿಯದು. ಮೂಲೆಯ ಮೇಜಿನ ಆಚೆಗೆ ಆಕೆ, ಈಚೆಗೆ ಇವರು, ಹೀಗೆ ಒಂದು ಆಯುಷ್ಯವೇ ಕಳೆದಿತ್ತು. ಓದುವಾಗ ಚುಕ್ಕೆ ಗೆರೆಗಳನ್ನೂ ಬಾಯಲ್ಲಿ ಹೇಳಬೇಕಾದ್ದರಿಂದ ಆಕೆಗೆ ಅದೇ ಅಭ್ಯಾಸವಾಗಿ ಹೋಗಿತ್ತು. "ಚೆನ್ನಾಗಿ ಕುಲುಕಿ, ಅಲ್ಪ, ನಂತರ ಬಳಸಿ, ಪೂರ್ಣ." ಮನೆಯಲ್ಲಿ ಜಗಳವಾದರೂ ಹಾಗೇ. ತನ್ನ ವಾದವನ್ನೆಲ್ಲ ಹೇಳಿ ಮುಗಿಸಿ ಆಕೆ "ಪೂರ್ಣ" ಎಂದು ಎದ್ದು ಹೋಗುತ್ತಿದ್ದಳು. ಅದರ ಮೇಲೆ ಇನ್ನೊಂದು ಮಾತು ಸೇರಿಸದೆ ಕರಡಪ್ಪನವರಿಗೆ ಅನ್ನ ಇಳಿಯುತ್ತಿರಲಿಲ್ಲ. "ನಿಮ್ಮ ಬಾಯಿಗೆ ಪೂರ್ಣವಿರಾಮ ಅಂತ ಒಂದನ್ನ ದೇವರು ಇಡಲೇ ಇಲ್ಲ" ಎಂದು ಆಕೆ ಒಳಗಿನಿಂದ ಅನ್ನುತ್ತಿದ್ದಳು.

ದೇವರು ಇಟ್ಟದ್ದು ಆಕೆಯ ಬಾಯಿಗೆ. ಕಳೆದ ಚಳಿಗಾಲದಲ್ಲಿ, ಎರಡು ದಿನದ ಜ್ವರದಲ್ಲಿ.

ಆಮೇಲೆ ಮೂಲವನ್ನು ಓದುವುದೂ ಇವರೇ, ಬೆರಳಿಡುವುದೂ ಇವರೇ. ಎದುರಿನ ಕುರ್ಚಿಯನ್ನು ಮಾತ್ರ ಅಲ್ಲಿಂದ ಯಾರೂ ತೆಗೆಯದಂತೆ ನೋಡಿಕೊಂಡಿದ್ದರು. ಗಟ್ಟಿಯಾಗಿ ಓದುವುದು ಕೆಲಸದ ರೀತಿಯೇ ಆದ್ದರಿಂದ, ಮೂಲೆಯಿಂದ ದನಿ ಬಂದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಆ ಅನುಕೂಲದಲ್ಲಿ ಕರಡಪ್ಪನವರು ಸಾಲು ಸಾಲಿನ ನಡುವೆ ಮನೆಯ ವರದಿ ಒಪ್ಪಿಸುತ್ತಿದ್ದರು. "ದಿನಕ್ಕೆ ಎರಡು ಬಾರಿ, ಅಲ್ಪ, ಊಟವಾದ ಮೇಲೆ, ಪೂರ್ಣ. ಮಗಳಿಗೆ ಮತ್ತೆ ಶೀತ ಕಣೆ. ಕಷಾಯ ಕುಡಿ ಅಂದ್ರೆ ಕೇಳಲ್ಲ, ನಿನ್ನ ಹಾಗೇ. ಮಕ್ಕಳ ಕೈಗೆ ಸಿಗದಂತೆ ಇಡಿ, ಪೂರ್ಣ."

ಈ ಮಾತನ್ನು ಮನೆಯಲ್ಲಿ ಆಡುವ ಹಾಗಿರಲಿಲ್ಲ. ಅವರಿದ್ದದ್ದು ಮಗಳ ಮನೆಯಲ್ಲಿ. ಅಮ್ಮನ ಹೆಸರೆತ್ತಿದರೆ ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆ ಸೇರುತ್ತಿದ್ದಳು. ಒಂದು ರಾತ್ರಿ ಇವರು ಗೋಡೆ ಕಡೆ ತಿರುಗಿ ಮಾತಾಡುವುದನ್ನು ಕೇಳಿಸಿಕೊಂಡ ಅಳಿಯ, "ಮಾವ, ಒಬ್ಬರು ಒಳ್ಳೆ ಡಾಕ್ಟರಿದ್ದಾರೆ, ಸುಮ್ಮನೆ ಒಂದ್ಸಲ ತೋರಿಸಿಬಿಡೋಣ" ಎಂದಿದ್ದ. ಸತ್ತವರೊಡನೆ ಮಾತಾಡಿದರೆ ಕಾಯಿಲೆ, ಬದುಕಿದವರೊಡನೆ ಮಾತಾಡದೆ ಇದ್ದರೆ ಶಾಂತ ಸ್ವಭಾವ. ಅಂದಿನಿಂದ ಮನೆಯಲ್ಲಿ ಕರಡಪ್ಪನವರು ಶಾಂತ ಸ್ವಭಾವದವರಾದರು. ಅವರಿಗೆ ಉಳಿದದ್ದು ಪ್ರೆಸ್ಸಿನ ಆ ಮೂಲೆ, ಆ ಕುರ್ಚಿ.

ಹಿಂದಿನ ಸಂಜೆ ಆ ಮೂಲೆಗೆ ಹೊಸ ಕಂಪ್ಯೂಟರ್ ಬಂದಿತ್ತು. ಕಾಗದದ ಕರಡು ದಂಡ, ಪರದೆಯ ಮೇಲೇ ತಿದ್ದಿದರೆ ಸಾಕು ಎಂದು ಯಜಮಾನರ ಕಿವಿಯಲ್ಲಿ ಯಾರೋ ಊದಿದ್ದರು. ಯಜಮಾನರ ವಿಷಯದಲ್ಲಿ ಇದು ಹೊಸದಲ್ಲ. ಚಹಾ ತರುವವನು ಎದುರು ಪ್ರೆಸ್ಸಿನ ಗೂಢಚಾರ ಎಂದು ಒಬ್ಬ ಹೇಳಿದಾಗ ಚಹಾ ನಿಲ್ಲಿಸಿದ್ದರು. ಚಹಾ ಇಲ್ಲದ್ದರಿಂದ ಕೆಲಸಗಾರರು ತೂಕಡಿಸುತ್ತಾರೆ ಎಂದು ಇನ್ನೊಬ್ಬ ಹೇಳಿದಾಗ ಅದೇ ಚಹಾದವನನ್ನು ಮತ್ತೆ ಕರೆಸಿದ್ದರು. ಕೊನೆಗೆ ಹೇಳಿದವನೇ ಅವರಿಗೆ ಸತ್ಯವಂತ.

ಕರಡಪ್ಪನವರು ಬೆಳಿಗ್ಗೆ ಬಂದು ಕನ್ನಡಕ ಒರೆಸಿಕೊಂಡು ಕೂತರು. ಮೇಜಿನ ನಡುವೆ ಕಪ್ಪು ಪೆಟ್ಟಿಗೆ, ಅದರ ಪಕ್ಕ ಪರದೆ. ಎದುರಿನ ಕುರ್ಚಿಯ ಅರ್ಧ ಕಾಣದ ಹಾಗೆ ಅಡ್ಡ ನಿಂತಿತ್ತು. ಅವರು ಕತ್ತು ಓರೆ ಮಾಡಿ ಕುರ್ಚಿಗೆ ಹೇಳಿದರು.

"ನೋಡೆ, ನಮ್ಮಿಬ್ಬರ ಮಧ್ಯೆ ಇದನ್ನ ತಂದಿಟ್ಟಿದ್ದಾರೆ. ಕಾಗದ ಬೇಡವಂತೆ. ಏನ್ಮಾಡ್ತೀಯ, ಹಿತ್ತಾಳೆ ಕಿವಿ. ಯಾರು ಏನು ಊದಿದ್ರೂ ಸೀದಾ ಒಳಗೆ ಹೋಗುತ್ತೆ."

"ಯಾರಿಗಣ್ಣ ಹಿತ್ತಾಳೆ ಕಿವಿ?"

ಹಿಂದೆ ಡಂಗುರದಕ್ಕ ನಿಂತಿದ್ದಳು. ಲೇಬಲ್ಲುಗಳನ್ನು ಎಣಿಸಿ ಕಟ್ಟು ಕಟ್ಟುವುದು ಅವಳ ಸಂಬಳದ ಕೆಲಸ. ಹೆಸರು ಬಂದದ್ದು ಸಂಬಳವಿಲ್ಲದ ಕೆಲಸದಿಂದ. ಅವಳಿಗೆ ಒಂದು ಗುಟ್ಟು ಹೇಳುವುದೂ ಊರ ನಡುವೆ ಡಂಗುರ ಹೊಡೆಸುವುದೂ ಒಂದೇ. ಡಂಗುರದವನಾದರೆ ಕೂಲಿ ಕೇಳುತ್ತಾನೆ.

ಯಜಮಾನರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವರು ಫೋನಿನಲ್ಲಿ ಮಾತಾಡುವುದು ಕೇಳುತ್ತಿತ್ತು. ಕರಡಪ್ಪನವರು ಅವಸರದಲ್ಲಿ ಪರದೆಯ ಕಡೆ ತಿರುಗಿದರು.

"ಅದು... ಕರಡಲ್ಲಿತ್ತು ತಂಗಿ. ಓದ್ತಿದ್ದೆ."

ಡಂಗುರದಕ್ಕ ಬಗ್ಗಿ ನೋಡಿದಳು. "ಇದು ಜಾಮಿನ ಬಾಟ್ಲಿ ಲೇಬಲ್ಲಲ್ವಾ? ಜಾಮಿಗೆ ಹಿತ್ತಾಳೆ ಕಿವಿ ಯಾಕಣ್ಣ?"

ಯಜಮಾನರು ಫೋನು ಇಟ್ಟ ಸದ್ದಾಯಿತು. ಕುರ್ಚಿ ಸರಿದ ಸದ್ದಾಯಿತು. ಕರಡಪ್ಪನವರು ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ಅಭ್ಯಾಸವಿಲ್ಲದವರು ಹೇಳುವ ಸುಳ್ಳು ಹೊಸ ಚಪ್ಪಲಿಯ ಹಾಗೆ, ಮೊದಲು ಕಚ್ಚುವುದು ಹಾಕಿಕೊಂಡವನನ್ನೇ. ಅವರ ಕೈ ತಾನಾಗಿ ಕಪ್ಪು ಪೆಟ್ಟಿಗೆಯನ್ನು ತೋರಿಸಿತು.

"ಇದಕ್ಕೆ."

"ಇದಕ್ಕೆ ಕಿವಿ ಇದ್ಯಾ?"

"ಇದೆ. ಒಳಗೆ."

ಮನುಷ್ಯನಿಗಾದರೆ ಹಿತ್ತಾಳೆ ಕಿವಿ ಎಂಬುದು ಬೈಗುಳ. ಯಂತ್ರಕ್ಕಾದರೆ ಅದು ಬಿಡಿಭಾಗ. ಡಂಗುರದಕ್ಕನ ಕಣ್ಣು ದೊಡ್ಡದಾಯಿತು. ಅವಳು ದನಿ ತಗ್ಗಿಸಿ, "ನಮ್ಮ ಭಾವನೂ ಇದನ್ನೇ ಹೇಳ್ತಿದ್ರು. ಎಲ್ಲೋ ಯಾವುದೋ ದೊಡ್ಡ ಆಫೀಸಲ್ಲಿ ಕಂಪ್ಯೂಟರ್ ಬಿಚ್ಚಿದ್ರಂತೆ. ಅಕ್ಕಿ ಕಾಳಿನಷ್ಟು ಏನೋ ಸಿಕ್ತಂತೆ, ಆಡಿದ್ದೆಲ್ಲ ಕೇಳಿಸ್ಕೊಳ್ಳೋದಂತೆ. ನಾನು ನಂಬಿರ್ಲಿಲ್ಲ. ನೀವು ಹೇಳಿದ ಮೇಲೆ ಆಯ್ತು" ಎಂದು ಹೊರಟಳು. ಯಜಮಾನರು ಯಾವುದೋ ಗಿರಾಕಿಯನ್ನು ಕಾಣಲು ಕಾರಿನ ಕೀಲಿ ಆಡಿಸುತ್ತ ಆಚೆ ಹೋದರು.

ಇಬ್ಬರೂ ಹೋದ ಮೇಲೆ ಕರಡಪ್ಪನವರು ಹಣೆ ಒರೆಸಿಕೊಂಡು, "ಸದ್ಯ ತಪ್ಪಿಸಿಕೊಂಡೆ ಕಣೆ" ಎಂದರು. ಆಕೆ ಬದುಕಿದ್ದರೆ ನಕ್ಕಿರುತ್ತಿದ್ದಳು.

ಆ ಅಕ್ಕಿ ಕಾಳು, ಕಟ್ಟು ಕಟ್ಟುವ ಹೆಂಗಸರ ಬಳಿ ಬರುವಾಗ ಕಡಲೆ ಕಾಳಾಗಿತ್ತು. ಲೆಕ್ಕದ ಗುಮಾಸ್ತರ ಮೇಜಿಗೆ ಬರುವಾಗ ಹುಣಸೆ ಬೀಜ. ಅಚ್ಚಿನ ಯಂತ್ರ ನಡೆಸುವ ಮೇಸ್ತ್ರಿಗೆ ಸುದ್ದಿ ಮುಟ್ಟಿದಾಗ ಯಂತ್ರದ ಗದ್ದಲವಿತ್ತು. ಡಂಗುರದಕ್ಕ ಕೈಯಲ್ಲೇ ಅಳತೆ ತೋರಿಸಬೇಕಾಯಿತು. ಅಲ್ಲಿಗೆ ಅದು ತೆಂಗಿನಕಾಯಿಯಷ್ಟಾಯಿತು.

ಮೊದಲು ಬಂದವನು ಮೇಸ್ತ್ರಿ. ಮಸಿ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, ಕಂಪ್ಯೂಟರಿಗೆ ಕೇಳದಂತೆ ಕರಡಪ್ಪನವರ ಕಿವಿಗೇ ಬಾಯಿಟ್ಟ.

"ಕರಡಪ್ಪಣ್ಣ, ಒಂದು ಮಾತು. ಗೊರಕೆ ಕೇಳ್ಸುತ್ತಾ ಅದಕ್ಕೆ?"

"ಗೊರಕೆಯಾ?"

"ಮಧ್ಯಾಹ್ನ ಕಾಗದದ ಬಂಡಲ್ ಹಿಂದೆ ಸ್ವಲ್ಪ ಕಣ್ಣು ಮುಚ್ತೀನಿ. ನಿದ್ದೆ ಅಲ್ಲ, ಯೋಚನೆ. ಯೋಚನೆ ಮಾಡುವಾಗ ನನಗೆ ಸ್ವಲ್ಪ ಸದ್ದು ಬರುತ್ತೆ."

"ನೋಡಯ್ಯ, ಕಿವೀನೂ ಇಲ್ಲ, ಮೂಗೂ ಇಲ್ಲ. ನಾನು ಸುಮ್ಮನೆ ಬಾಯಿ ತಪ್ಪಿ ಹೇಳಿದ್ದು."

ಮೇಸ್ತ್ರಿ ಪೆಟ್ಟಿಗೆಯ ಕಡೆ ಒಮ್ಮೆ ನೋಡಿ, ಕರಡಪ್ಪನವರ ಭುಜ ತಟ್ಟಿದ. "ಗೊತ್ತಾಯ್ತು. ಕೇಳ್ತಿದೆ ಅಂತ ತಾನೆ ಹಾಗನ್ನೋದು? ಹೇಳಿ, ಹೇಳಿ. ಇನ್ನೂ ಸ್ವಲ್ಪ ಗಟ್ಟಿಯಾಗೇ ಹೇಳಿ."

ಅವನು ಹೋದ ಮೇಲೆ ಲೆಕ್ಕದ ಗುಮಾಸ್ತರು ಬಂದರು. ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಬಂದವರು ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟರು. ಕರಡಪ್ಪನವರಿಗೆ ಎದೆಯ ಮೇಲೇ ಕೂತಂತಾಯಿತು.

"ಆ ಕುರ್ಚಿ ಬೇಡ. ಕಾಲು ಸಡಿಲ ಇದೆ. ಬೀಳ್ತೀರಿ."

"ಪರವಾಗಿಲ್ಲ, ಒಂದೇ ನಿಮಿಷ" ಎಂದು ಗುಮಾಸ್ತರು ಇನ್ನೂ ಗಟ್ಟಿಯಾಗಿ ಕೂತು ಪಿಸುಗುಟ್ಟಿದರು. "ಎದುರು ಪ್ರೆಸ್ಸಿನವರು ನನಗೆ ಆಗಾಗ ಫೋನ್ ಮಾಡ್ತಾರೆ. ಅವರಾಗೇ ಮಾಡ್ತಾರೆ, ನಾನಲ್ಲ. ಬನ್ನಿ ಅಂತಾರೆ. ನಾನು ನೋಡೋಣ ಅಂತೀನಿ. ನೋಡೋಣ ಅನ್ನೋದು ತಪ್ಪಲ್ಲ ತಾನೆ? ಯಾವ ಅಕ್ಷರ ಇದ್ದರೆ ತಪ್ಪು, ಯಾವುದು ಇಲ್ಲದಿದ್ದರೆ ತಪ್ಪು ಅಂತ ನಿಮಗೇ ಚೆನ್ನಾಗಿ ಗೊತ್ತು."

"ಏಳಿ ಮೊದಲು. ಅದರಲ್ಲಿ ಏನೂ ಇಲ್ಲ."

"ಇಲ್ಲ ಅಂದ್ರೆ ಆಯ್ತು" ಎಂದರು ಗುಮಾಸ್ತರು. ಎದ್ದು ನಿಂತು, ಅಂಗಿ ಸರಿಪಡಿಸಿಕೊಂಡು, ಕಂಪ್ಯೂಟರಿನ ಮುಂದೆ ಬಗ್ಗಿ, ಸಭೆಯಲ್ಲಿ ಭಾಷಣ ಮಾಡುವವರಂತೆ ಹೇಳಿದರು: "ನಮ್ಮ ಯಜಮಾನರಂಥ ಮನುಷ್ಯರು ಕೋಟಿಗೊಬ್ಬರು. ಬೇರೆ ಕಡೆ ಬಂಗಾರದ ತಟ್ಟೇಲಿ ಇಟ್ಟು ಕೊಟ್ಟರೂ ನಾನು ಹೋಗುವವನಲ್ಲ."

ಇದು ಎಲ್ಲರಿಗೂ ಒಳ್ಳೆಯ ಉಪಾಯವಾಗಿ ಕಂಡಿತು. ಪ್ರೆಸ್ಸಿನಲ್ಲಿ ಬೇರೆ ಕಂಪ್ಯೂಟರುಗಳೂ ಇದ್ದವು. ಆದರೆ ಕಿವಿಯ ವಿಷಯ ಮೊದಲು ತಿಳಿದದ್ದು ಕರಡಪ್ಪನವರಿಗಾದ್ದರಿಂದ ಅವರದೇ ದೊಡ್ಡ ಕಿವಿ, ಉಳಿದವೆಲ್ಲ ಅದರ ಮರಿ ಎಂದು ತೀರ್ಮಾನವಾಯಿತು. ಒಬ್ಬೊಬ್ಬರೇ ಏನಾದರೊಂದು ನೆಪ ಹಿಡಿದು ಮೂಲೆಗೆ ಬಂದರು. ಕಟ್ಟು ಕಟ್ಟುವ ಹೆಂಗಸೊಬ್ಬಳು ಯಜಮಾನರ ಆಯುಷ್ಯ ಹೆಚ್ಚಲಿ ಎಂದಳು. ಇನ್ನೊಬ್ಬಳು ಯಜಮಾನರ ಹೆಂಡತಿಯ ಆಯುಷ್ಯವನ್ನೂ ಸೇರಿಸಿದಳು. ಮೇಸ್ತ್ರಿ ತನ್ನದು ಬಿಟ್ಟುಹೋಗಬಾರದೆಂದು ಮತ್ತೆ ಬಂದ. ಯಾವ ಕಡೆಗೆ ಮಾತಾಡಬೇಕು ಎಂಬುದೇ ಒಂದು ಚರ್ಚೆಯಾಯಿತು. ಪರದೆಯ ಕಡೆ ಎಂದು ಗುಮಾಸ್ತರು. ಅದು ಮುಖ, ಕಿವಿ ಹಿಂದಿರುತ್ತೆ ಎಂದು ಮೇಸ್ತ್ರಿ. ಕೊನೆಗೆ ಅವನು ಪೆಟ್ಟಿಗೆಯ ಹಿಂಬದಿಯ ಗಾಳಿ ಕಿಂಡಿಗೆ ಬಾಯಿ ಹಚ್ಚಿ, "ಮಧ್ಯಾಹ್ನ ಬರೋ ಸದ್ದು ಯಂತ್ರದ್ದು, ನನ್ನದಲ್ಲ" ಎಂದು ನಿವೇದಿಸಿಕೊಂಡ. ಹಿಂದಿರುಗುವಾಗ ಅರಿವಿಲ್ಲದೆ ಕೈ ಮುಗಿದ.

ಆಡಿದ್ದನ್ನೆಲ್ಲ ಕೇಳುವವನೊಬ್ಬನು ಮೇಲಿದ್ದಾನೆ ಎಂದು ಇವರೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದವರೇ. ಅವನಿಗೆ ಹೆದರಿ ಒಂದು ಚಾಡಿಯನ್ನಾದರೂ ನುಂಗಿಕೊಂಡವರು ಆ ಪ್ರೆಸ್ಸಿನಲ್ಲಿ ಇರಲಿಲ್ಲ. ಅವನು ಕೇಳಿಸಿಕೊಂಡು ಕ್ಷಮಿಸುತ್ತಾನೆ, ಅದೇ ಅವನ ತೊಂದರೆ.

ಪೂಜೆ ಮುಗಿಸಿ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋಗಿ ಬಾಯಿ ಹೊಲಿದುಕೊಂಡು ಕೂತರು. ಕತ್ತರಿ ಬೇಕಾದವರು ಎರಡು ಬೆರಳು ಆಡಿಸಿದರು. ಅಂಟು ಬೇಕಾದವರು ಅಂಗೈ ಅಂಗೈ ಒತ್ತಿ ತೋರಿಸಿದರು. ಅದನ್ನು ನಮಸ್ಕಾರವೆಂದು ತಿಳಿದು ಗುಮಾಸ್ತರು ಪ್ರತಿನಮಸ್ಕಾರ ಮಾಡಿದರು. ಹರಟೆ ನಿಂತದ್ದರಿಂದ ಕೈಗಳಿಗೆ ಕೆಲಸ ಬಿಟ್ಟು ಬೇರೆ ದಾರಿ ಇರಲಿಲ್ಲ. ಮೂರು ದಿನದಿಂದ ಮುಗಿಯದಿದ್ದ ಔಷಧಿ ಲೇಬಲ್ಲಿನ ಕಟ್ಟುಗಳು ಊಟದ ಹೊತ್ತಿಗೆ ಬಾಗಿಲ ಬಳಿ ಸಾಲಾಗಿ ನಿಂತವು.

ಮೂಲೆಯಲ್ಲಿ ಕರಡಪ್ಪನವರು ಮಾತ್ರ ಬೆಳಗಿನಿಂದ ಹೆಂಡತಿಗೆ ಒಂದು ಸಾಲೂ ಓದಿ ಹೇಳಿರಲಿಲ್ಲ. ಅವರು ಬಾಯಿ ತೆರೆದರೆ ಸಾಕು, ಇಡೀ ಪ್ರೆಸ್ಸಿನ ತಲೆಗಳು ಅತ್ತ ತಿರುಗುತ್ತಿದ್ದವು. ಇದುವರೆಗೆ ಯಾರೂ ಕಿವಿಗೊಡದ ದನಿಗೆ ಈಗ ಎಲ್ಲರೂ ಕಿವಿಯಾಗಿದ್ದರು. ಮಗಳ ಶೀತ ಕಡಿಮೆಯಾಗಿದೆ ಎಂದು ಹೇಳಬೇಕಿತ್ತು. ಅವರು ಎದ್ದು ಡಂಗುರದಕ್ಕನ ಬಳಿಗೆ ಹೋದರು.

"ತಾಯಿ, ನಿನ್ನ ಕಾಲಿಗೆ ಬೀಳ್ತೀನಿ. ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಹೋಗಿ ಎಲ್ಲರಿಗೂ ಹೇಳು."

ಅವಳು ತುಟಿಯ ಮೇಲೆ ಬೆರಳಿಟ್ಟು, ಕೈಯಲ್ಲಿದ್ದ ದಾರದ ಉಂಡೆಯನ್ನು ಕೆಳಗಿಟ್ಟು, ಅವರನ್ನು ನೀರಿನ ಹೂಜಿಯ ಹಿಂದಕ್ಕೆ ಎಳೆದುಕೊಂಡು ಹೋದಳು. "ಯಾರು ಹೆದರಿಸಿದ್ರಣ್ಣ ನಿಮ್ಮನ್ನ?"

"ಯಾರೂ ಇಲ್ಲಮ್ಮ."

"ಹೆದರ್ಕೊಂಡವರು ಹೀಗೇ ಹೇಳೋದು." ಅವಳ ಕಣ್ಣಲ್ಲಿ ನಿಜವಾಗಿ ನೀರು ಬಂತು. "ನೀವು ನಮಗೋಸ್ಕರ ಬಾಯಿಬಿಟ್ಟಿರಿ. ನಾವು ನಿಮ್ಮನ್ನ ಕೈಬಿಡಲ್ಲ."

ಡಂಗುರ ಹೊಡೆಯುವವರಿಗೆ ಸುದ್ದಿ ಹರಡಲು ಬರುತ್ತದೆ, ಹರಡಿದ್ದನ್ನು ಸುತ್ತಿ ಇಡಲು ಬರುವುದಿಲ್ಲ. ಕರಡಪ್ಪನವರಿಗೆ ಬೆದರಿಕೆ ಬಂದಿದೆ ಎಂಬುದು ಊಟದ ಡಬ್ಬಿ ಮುಚ್ಚುವುದರೊಳಗೆ ಎಲ್ಲರಿಗೂ ತಿಳಿಯಿತು. ಮೇಸ್ತ್ರಿಯ ರಕ್ತ ಕುದಿಯಿತು.

"ಮುದುಕರನ್ನ ಹೆದರಿಸ್ತಾರಾ? ಬಿಚ್ಚೇ ನೋಡಿಬಿಡೋಣ" ಎಂದು ತಿರುಪುಳಿ ಹಿಡಿದು ಬಂದ.

"ಮುಟ್ಟಬೇಡಯ್ಯ, ಹಾಳಾಗುತ್ತೆ" ಎಂದರು ಕರಡಪ್ಪನವರು.

"ನೀವು ಹೀಗನ್ನಲೇಬೇಕು, ಗೊತ್ತು ನನಗೆ" ಎಂದ ಮೇಸ್ತ್ರಿ. ಅಚ್ಚಿನ ಯಂತ್ರವನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸುವ ಕೈ ಅದು. ಕಂಪ್ಯೂಟರಿನ ಹೊದಿಕೆ ಕಳಚಲು ಎಷ್ಟು ಹೊತ್ತು? ಎಲ್ಲರೂ ಉಸಿರು ಹಿಡಿದು ಬಗ್ಗಿದರು. ಒಳಗೆ ಹಸಿರು ಹಲಗೆ, ಅದರ ಮೇಲೆ ಇರುವೆ ಸಾಲಿನಂಥ ಏನೇನೋ. ಅಕ್ಕಿ ಕಾಳಿನಂಥವು ಎಷ್ಟೋ ಇದ್ದವು, ಆದರೆ ಅವು ಯಾವುವೂ ಹಿತ್ತಾಳೆಯವಲ್ಲ. ಮೇಸ್ತ್ರಿ ಹಲಗೆಯ ತಿರುಪುಗಳನ್ನೂ ಬಿಚ್ಚಿ, ಅದನ್ನು ಹೆಂಚು ಎತ್ತಿದಂತೆ ಎತ್ತಿದ.

ಅಡಿಯಲ್ಲಿ, ಮೂಲೆಗೊಂದರಂತೆ, ಹಳದಿಯಾಗಿ ಹೊಳೆಯುತ್ತ ನಿಂತಿದ್ದವು. ಗಿಡ್ಡಗೆ, ದುಂಡಗೆ, ನಡುವೆ ತೂತು.

"ಹಿತ್ತಾಳೆ" ಎಂದ ಮೇಸ್ತ್ರಿ.

"ತೂತು ಬೇರೆ ಇದೆ" ಎಂದಳು ಡಂಗುರದಕ್ಕ.

ಎಲ್ಲರಿಗಿಂತ ಹೆಚ್ಚು ಬೆರಗಾದವರು ಕರಡಪ್ಪನವರೇ. ತಾವು ಆಡಿದ ಸುಳ್ಳು ತಮ್ಮ ಕಣ್ಣೆದುರು ಹಿತ್ತಾಳೆಯ ಅಂಗಿ ತೊಟ್ಟು ಕೂತಿದ್ದನ್ನು ಕಂಡು, ಒಂದು ಗಳಿಗೆ ಅವರಿಗೂ ಅನುಮಾನ ಬಂತು. ಉಳಿದ ಕಂಪ್ಯೂಟರುಗಳಿಗೂ ಹೀಗೇ ಕಿವಿಯಿದ್ದರೆ, ಇಷ್ಟು ದಿನ ಇಲ್ಲಿ ಆಡಿದ್ದೆಲ್ಲ? ಮಗಳು ಅಳುವ ವಿಷಯ, ಅಳಿಯನ ಡಾಕ್ಟರು, ಹಾಸಿಗೆಯ ಎಡಗಡೆ ಖಾಲಿಯಾದರೂ ತಾವು ಬಲಗಡೆಗೇ ಒತ್ತಿಕೊಂಡು ಮಲಗುವ ವಿಷಯ, ಅದೆಲ್ಲ ಯಾರ ಕಿವಿಗೆ ಹೋಯಿತು? ಅದರ ಜೊತೆಗೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಇನ್ನೊಂದು ಯೋಚನೆಯೂ ಸುಳಿಯಿತು. ಯಾರಾದರೊಬ್ಬರು ಕೇಳಿಸಿಕೊಂಡಿದ್ದರೆ, ಒಬ್ಬರಾದರೂ ಕೇಳಿಸಿಕೊಂಡಂತಾಯಿತು.

ಆಗ ಯಜಮಾನರು ಬಂದರು.

ಅವರು ಮೊದಲು ಕಂಡದ್ದು ಬಾಗಿಲ ಬಳಿಯ ಕಟ್ಟುಗಳ ಸಾಲನ್ನು. ಆಮೇಲೆ ಮೂಲೆಯಲ್ಲಿ ಕರುಳು ಆಚೆ ಬಿದ್ದ ಹೊಸ ಕಂಪ್ಯೂಟರನ್ನು. ಏನಿದು ಎಂದು ಅವರು ಕೇಳಿದಾಗ ಎಲ್ಲರ ಕಣ್ಣೂ ಕರಡಪ್ಪನವರ ಕಡೆಗೆ ತಿರುಗಿತು. ಕೈಬಿಡುವುದಿಲ್ಲ ಎಂದಿದ್ದ ಡಂಗುರದಕ್ಕ ಯಜಮಾನರ ಬೆನ್ನ ಹಿಂದೆಯೇ ಕೋಣೆಗೆ ಹೋದಳು. ಬಾಗಿಲು ಮುಚ್ಚಿತು. ಅವಳು ಹೊರಗೆ ಬರುವ ಹೊತ್ತಿಗೆ ರಿಪೇರಿಯವನಿಗೆ ಫೋನು ಹೋಗಿತ್ತು.

ರಿಪೇರಿಯವನು ದೊಡ್ಡ ಚೀಲ ಹೊತ್ತು ಬಂದು, ಇಣುಕಿ ನೋಡಿ, ನಕ್ಕ. "ಇದಾ? ಇದು ನಟ್ಟು. ಹಲಗೆ ತಗಡಿಗೆ ತಾಗದ ಹಾಗೆ ಎತ್ತಿ ಹಿಡಿಯುತ್ತೆ. ಎಲ್ಲಾ ಕಂಪ್ಯೂಟರಲ್ಲೂ ಇರುತ್ತೆ."

"ಎಲ್ಲದರಲ್ಲೂ ಇದ್ಯಂತೆ" ಎಂದು ಮೇಸ್ತ್ರಿ ಗುಮಾಸ್ತರಿಗೆ ಹೇಳಿದ.

"ನಟ್ಟು ರೀ. ಕೇಳಲ್ಲ, ಮಾತಾಡಲ್ಲ."

"ಕಳ್ಳನ್ನ ಕೇಳಿದ್ರೆ ಕದ್ದೆ ಅಂತಾನಾ?" ಎಂದ ಮೇಸ್ತ್ರಿ.

ಯಜಮಾನರು ಬಾಗಿಲಿನಿಂದಲೇ ಕರಡಪ್ಪನವರನ್ನು ಕರೆದರು. ಮೇಜಿನಿಂದ ಕೋಣೆಗೆ ನಡೆಯುವಷ್ಟರಲ್ಲಿ ಕರಡಪ್ಪನವರು ಮನಸ್ಸಿನಲ್ಲೇ ದೇವರನ್ನು ನೆನೆದು ನಿಶ್ಚಯ ಮಾಡಿಕೊಂಡರು. ಸತ್ಯ ಹೇಳಿದರೆ ಕೆಲಸ ಹೋಗಬಹುದು. ಕೆಲಸ ಹೋದರೆ ಮೂಲೆ ಹೋಗುತ್ತದೆ, ಕುರ್ಚಿ ಹೋಗುತ್ತದೆ. ಹೇಳದಿದ್ದರೆ ಆ ಮೂಲೆ ನಾಳೆಯೂ ಇಂದಿನ ಹಾಗೇ ಜಾತ್ರೆಯಾಗಿರುತ್ತದೆ. ಎರಡರಲ್ಲೂ ಮಾತು ಹೋದಂತೆಯೇ. ಸತ್ಯದಿಂದ ಹೋದರೆ ಆಕೆಗೆ ಮುಖವನ್ನಾದರೂ ತೋರಿಸಬಹುದು.

"ಯಜಮಾನ್ರೆ, ತಪ್ಪು ನನ್ನದು. ಕಂಪ್ಯೂಟರಿಗೆ ಯಾವ ಕಿವೀನೂ ಇಲ್ಲ. ನಾನು ಹಿತ್ತಾಳೆ ಕಿವಿ ಅಂದದ್ದು ನಿಮ್ಮನ್ನ."

ಯಜಮಾನರು ಅವರನ್ನೇ ನೋಡಿದರು. "ನನ್ನನ್ನಾ? ಯಾರ ಹತ್ರ ಅಂದ್ರಿ?"

"ನಮ್ಮ ಮನೆಯವಳ ಹತ್ರ."

"ಅವರು ತೀರಿಕೊಂಡಿದ್ದಾರಲ್ರೀ."

"ಹೌದು. ಆದ್ರೂ ಮಾತಾಡ್ತೀನಿ. ಇಲ್ಲೇ, ಆ ಕುರ್ಚಿ ಹತ್ರ. ಓದೋ ನೆಪದಲ್ಲಿ. ಡಂಗುರದಕ್ಕ ಕೇಳಿಸಿಕೊಂಡಳು, ಹೆದರಿಕೆಗೆ ಕಂಪ್ಯೂಟರ್ ಮೇಲೆ ಹಾಕಿದೆ. ಇಷ್ಟೇ ನಡೆದದ್ದು."

ಯಜಮಾನರ ಮುಖ ಸ್ವಲ್ಪ ಸ್ವಲ್ಪವಾಗಿ ಸಡಿಲವಾಯಿತು. ಅವರು ಎದ್ದು ಬಂದು ಕರಡಪ್ಪನವರ ಕೈ ಹಿಡಿದುಕೊಂಡರು.

"ನೀವು ದೊಡ್ಡವರು. ಬೇರೆಯವರ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ಳೋಕೆ ಸತ್ತವರನ್ನೂ ಕರೀತಿದ್ದೀರಿ. ನನಗೆ ಎಲ್ಲಾ ಗೊತ್ತಾಗಿದೆ. ನಿಮ್ಮನ್ನ ಯಾರೋ ಹೆದರಿಸಿದ್ದಾರೆ ಅಂತ ಡಂಗುರದಕ್ಕ ಹೇಳಿದಳು."

"ಅವಳು ಹೇಳಿದ್ದು ಸುಳ್ಳು. ನಾನೇ ಬಂದು ನಿಮ್ಮ ಮುಖಕ್ಕೆ ಹೇಳ್ತಿದ್ದೀನಲ್ಲ."

"ಮುಖಕ್ಕೆ ಹೇಳೋದನ್ನ ಯಾರಾದ್ರೂ ನಂಬ್ತಾರೇನ್ರಿ?" ಎಂದರು ಯಜಮಾನರು. "ಮುಖಕ್ಕೆ ಎಲ್ಲಾ ಒಳ್ಳೇದನ್ನೇ ಹೇಳ್ತಾರೆ."

ಕೆಟ್ಟದ್ದನ್ನು ಹೇಳಿದ್ದೇನೆ ಎಂದು ನೆನಪಿಸಲು ಕರಡಪ್ಪನವರು ಬಾಯಿ ತೆರೆದರು. ಯಜಮಾನರಿಗೆ ಅದು ಬೇಕಿರಲಿಲ್ಲ. ಅವರು ಕಿಟಕಿಯ ಗಾಜಿನಿಂದ ಬಾಗಿಲ ಬಳಿಯ ಕಟ್ಟುಗಳನ್ನು ನೋಡುತ್ತಿದ್ದರು.

"ಒಂದು ವಿಷಯ ಹೇಳಿ. ಅದು ಬರೀ ನಟ್ಟು ಅಂತಾನೆ ಇವನು. ಇರಲಿ. ಆ ನಟ್ಟನ್ನೇ ಕಿವಿ ಅಂದ್ಕೊಂಡು ಇವತ್ತು ಅರ್ಧ ದಿನದಲ್ಲಿ ಮೂರು ದಿನದ ಕೆಲಸ ಮುಗೀತು. ಒಬ್ಬರೂ ಹರಟಲಿಲ್ಲ. ಒಬ್ಬರೂ ನನ್ನನ್ನ ಬೈಲಿಲ್ಲ, ಹೊಗಳಿದ್ರಂತೆ. ಇಲ್ಲದ ಕಿವಿಗೇ ಇಷ್ಟಾದ್ರೆ?"

ಕರಡಪ್ಪನವರಿಗೆ ಆ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ತಿಳಿಯಿತು. ತಿಳಿದರೂ ಹಿಡಿಯಲಾಗಲಿಲ್ಲ.

"ಇಷ್ಟು ವರ್ಷ ನನಗೆ ಇದು ಹೊಳೆದೇ ಇರಲಿಲ್ಲ" ಎಂದರು ಯಜಮಾನರು. "ಹೊಳೆಸಿದ್ದು ನೀವು." ಬಾಗಿಲು ತೆರೆದು ಕೂಗಿದರು. "ಏನಪ್ಪ, ಮಾತು ಕೇಳಿ ಇಟ್ಟುಕೊಳ್ಳೋ ಯಂತ್ರ ಏನಾದ್ರೂ ಸಿಗುತ್ತಾ?"

"ಚೀಲದಲ್ಲೇ ಇದೆ ಸಾರ್" ಎಂದ ರಿಪೇರಿಯವನು. "ಇನ್ನೊಂದು ಅಂಗಡಿಗೆ ಹಾಕೋಕೆ ತಂದಿದ್ದೆ. ಅವರಿಗೆ ನಾಳೆ ಕೊಟ್ಟರಾಯ್ತು. ಎಲ್ಲಿ ಹಾಕಲಿ?"

ಯಜಮಾನರು ಎಲ್ಲರ ಮುಂದೆ ಕರಡಪ್ಪನವರ ಹೆಗಲ ಮೇಲೆ ಕೈ ಇಟ್ಟರು. "ಇವರ ಮೂಲೇಲೇ. ಎಲ್ಲರೂ ಬಂದು ಮಾತಾಡೋದು ಅಲ್ಲೇ ಅಲ್ವಾ? ದಿನಾ ಬೆಳಿಗ್ಗೆ ಬಂದು ಅದನ್ನ ಚಾಲೂ ಮಾಡೋ ಜವಾಬ್ದಾರಿ ಇವರದ್ದು. ಇನ್ಮೇಲೆ ಇವರೇ ನನ್ನ ಕಿವಿ."

ಬೆಳಗಿನಿಂದ ಕರಡಪ್ಪನವರನ್ನು ತಮ್ಮ ಪಾಲಿನ ವೀರನೆಂದು ನೋಡುತ್ತಿದ್ದ ಕಣ್ಣುಗಳು ಹಾಲು ಒಡೆದಂತೆ ಒಡೆದವು. ಗುಮಾಸ್ತರು ಮುಖ ತಿರುಗಿಸಿ ಲೆಕ್ಕಕ್ಕೆ ಕೂತರು. ಮೇಸ್ತ್ರಿ ತಿರುಪುಳಿಯನ್ನು ಜೇಬಿಗಿಟ್ಟುಕೊಂಡು, "ಗೊರಕೆ ಮಾತು ನಿಮ್ಮ ಹತ್ರ ಹೇಳಿದ್ನಲ್ಲಣ್ಣ, ನನ್ನ ಬುದ್ಧಿಗೆ ಹೊಡೀಬೇಕು" ಎಂದು ಹೋದ. ಡಂಗುರದಕ್ಕ ಹತ್ತಿರ ಬಂದು, ಬೇಸರದಿಂದ, ಮೆಲ್ಲಗೆ ಅಂದಳು: "ಬೆಳಿಗ್ಗೇನೇ ನಿಜ ಹೇಳಿಬಿಟ್ಟಿದ್ರೆ ಆಗ್ತಿತ್ತಲ್ಲಣ್ಣ."

ರಿಪೇರಿಯವನಿಗೆ ಗೋಡೆಯ ಎತ್ತರ ಎಟುಕಲಿಲ್ಲ. ಅವನು ಹತ್ತಿರವಿದ್ದ ಖಾಲಿ ಕುರ್ಚಿಯನ್ನು ಎಳೆದುಕೊಂಡು, ಬೂಟು ಹಾಕಿದ ಕಾಲಲ್ಲೇ ಅದರ ಮೇಲೆ ಹತ್ತಿ ನಿಂತ.

"ಅದರ ಮೇಲೆ..." ಎಂದರು ಕರಡಪ್ಪನವರು.

"ಕಾಲು ಸಡಿಲ ಅಂತಿದ್ರಿ, ಗಟ್ಟಿಯಾಗೇ ಇದ್ಯಲ್ಲ" ಎಂದರು ಆ ಕಡೆಯಿಂದ ಗುಮಾಸ್ತರು, ತಲೆ ಎತ್ತದೆ.

ಗೋಡೆಗೆ ತೂತು ಕೊರೆದ ಪುಡಿಯೆಲ್ಲ ಕುರ್ಚಿಯ ಮೇಲೆ ಉದುರಿತು. ಕೆಲಸ ಮುಗಿದಾಗ ಸಂಜೆಯಾಗಿತ್ತು. ಅವನು ಒಂದು ಗುಂಡಿ ಒತ್ತಿದ. ಕುರ್ಚಿಯ ನೇರ ಮೇಲೆ, ಅಲ್ಲಿ ಕೂತವರ ತಲೆಗಿಂತ ತುಂಬ ಎತ್ತರದಲ್ಲಿ, ಸಾಸಿವೆಯಷ್ಟು ಕೆಂಪು ದೀಪ ಹತ್ತಿಕೊಂಡಿತು. "ಪಿಸುಗುಟ್ಟಿದರೂ ಹಿಡಿಯುತ್ತೆ" ಎಂದು ಹೇಳಿ ಚೀಲ ಹೊತ್ತು ಹೊರಟ.

ಒಬ್ಬೊಬ್ಬರೇ ಮನೆಗೆ ಹೋದರು. ಹೋಗುವಾಗ ಯಾರೂ ಕರಡಪ್ಪನವರಿಗೆ ಬರುತ್ತೇನೆ ಎಂದು ಹೇಳಲಿಲ್ಲ. ಮಾತಾಡಿದರೆ ದಾಖಲಾಗುತ್ತದಲ್ಲ.

ಕರಡಪ್ಪನವರು ಜೇಬಿನಿಂದ ಕರವಸ್ತ್ರ ತೆಗೆದು ಕುರ್ಚಿಯ ಮೇಲಿನ ಪುಡಿ ಝಾಡಿಸಿದರು. ಬೂಟಿನ ಗುರುತನ್ನು ತೇವ ಮಾಡಿ ಒರೆಸಿದರು. ಕುರ್ಚಿಯನ್ನು ಅದರ ಜಾಗಕ್ಕೆ ಸರಿಯಾಗಿ ಇಟ್ಟು, ಈಚೆ ಬಂದು ತಮ್ಮ ಜಾಗದಲ್ಲಿ ಕೂತರು. ಕಂಪ್ಯೂಟರ್ ಪೆಟ್ಟಿಗೆ ಪರದೆಯ ಸಮೇತ ರಿಪೇರಿಗೆ ಹೋಗಿತ್ತು. ಮಧ್ಯೆ ಅಡ್ಡ ಏನೂ ಇರಲಿಲ್ಲ. ಎದುರಿನ 'ಆಕೆ' ಪೂರ್ತಿ ಕಾಣುತ್ತಿದ್ದಳು. ಮೇಲೆ ಕೆಂಪು ದೀಪ ಕಣ್ಣು ಮಿಟುಕಿಸದೆ ಕಾದಿತ್ತು.

ಹೇಳುವುದು ಬಹಳ ಇತ್ತು. ಬೆಳಗಿನಿಂದ ಕೂಡಿಟ್ಟದ್ದು. ಸತ್ಯ ಹೇಳಿದೆ ಕಣೆ, ಯಾರೂ ನಂಬಲಿಲ್ಲ ಎನ್ನಬೇಕಿತ್ತು. ಶೀತ ಕಡಿಮೆಯಾದದ್ದನ್ನು ಹೇಳಬೇಕಿತ್ತು. ಅವರ ತುಟಿ ಅಲುಗಿತು. ಅಷ್ಟರಲ್ಲಿ, ಎಷ್ಟೋ ಜಗಳಗಳ ಕೊನೆಯಲ್ಲಿ ಕೇಳಿದ ಆ ದನಿ ಎದುರಿನಿಂದ ಬಂದ ಹಾಗಾಯಿತು.

"ಪೂರ್ಣ."

ಆಕೆ ಹಾಗೆಂದ ಮೇಲೆ ಇನ್ನೊಂದು ಮಾತು ಸೇರಿಸದೆ ಕರಡಪ್ಪನವರು ಜನ್ಮದಲ್ಲಿ ಬಿಟ್ಟವರಲ್ಲ. ಅಂದು ಬಿಟ್ಟರು.